ಬದುಕಿದ್ದವರ ಬಾಗಿಲು

ಇಂಗ್ಲೆಂಡಿನ ದಕ್ಷಿಣದ ಸುಣ್ಣಕಲ್ಲಿನ ಗುಡ್ಡಗಳ ನಡುವೆ ಹ್ಯಾಸೆಲ್ ಎಂಬ ಹೆಸರಿನ ಎರಡು ಹಳ್ಳಿಗಳಿವೆ. ಕಣಿವೆಯಲ್ಲಿರುವುದು ನೆದರ್ ಹ್ಯಾಸೆಲ್, ಗುಡ್ಡದ ನೆತ್ತಿಯಲ್ಲಿರುವುದು ಓವರ್ ಹ್ಯಾಸೆಲ್. ನಮ್ಮ ಕಡೆ ಕೆಳಗಿನೂರು, ಮೇಲಿನೂರು ಎನ್ನುವುದಿಲ್ಲವೇ, ಹಾಗೆ. ಎರಡರ ನಡುವೆ ಒಂದೂವರೆ ಮೈಲಿಯಷ್ಟು ಬೀಚ್ ಮರಗಳ ಕಾಡು. ಅಕ್ಟೋಬರ್ ಕೊನೆಯ ವಾರದಲ್ಲಿ ಆ ಕಾಡಿನೊಳಗೆ ಕಾಲಿಟ್ಟವರು ತಾಮ್ರದ ಬಣ್ಣಕ್ಕೆ ತಿರುಗಿದ ಎಲೆಗಳ ಕೆಳಗೆ, ಪಾದ ಮುಳುಗುವಷ್ಟು ಬಿದ್ದ ತರಗೆಲೆಯ ಮೇಲೆ ನಡೆಯುತ್ತಾರೆ. ದಾರಿ ಅರ್ಧ ಸಾಗಿದಾಗ ಚಕಮಕಿ ಕಲ್ಲಿನ ಒಂದು ಹಳೆಯ ಗೋಡೆ ಅಡ್ಡ ಬರುತ್ತದೆ. ಅದು ಒಂದು ಕಡೆ ಕಡಿದಾದ ಕೊರಕಲಿನಿಂದ ಹೊರಟು ಇನ್ನೊಂದು ಕಡೆ ಜೌಗು ನೆಲದವರೆಗೆ ಹಬ್ಬಿದೆ. ನಡುವೆ ಆಳೆತ್ತರದ ಎರಡು ಕಲ್ಲುಕಂಬಗಳು, ಅವುಗಳ ನಡುವೆ ಗಾಡಿ ಹಾಯುವಷ್ಟು ಜಾಗ. ಕದಗಳಿಲ್ಲ. ಈ ಜಾಗದ ಹೆಸರು ಕ್ವಿಕ್ ಗೇಟ್. ಕೆಳಗಿನೂರಿನ ಹೋಟೆಲಿನವರು ಅಚ್ಚು ಹಾಕಿಸಿದ ಕರಪತ್ರದಲ್ಲಿ, ಮೇಲಿನೂರಿನ ಗಂಡಸರು ಹೆಂಡದಂಗಡಿಗೆ ಬೇಗ ತಲುಪಲು ಮಾಡಿಕೊಂಡ ಅಡ್ಡದಾರಿ ಇದಾದ್ದರಿಂದ 'ಬೇಗದ ಬಾಗಿಲು' ಎಂಬ ಹೆಸರು ಬಂತು ಎಂದಿದೆ. ಎಡಗಂಬಕ್ಕೆ ಜಡಿದ ಹಿತ್ತಾಳೆಯ ಫಲಕದಲ್ಲಿ, ಥಾರ್ಲಿ ಮನೆತನದ ಔದಾರ್ಯದಿಂದ ಈ ದಾರಿ ಜನರಿಗೆ ದೊರೆಯಿತು ಎಂದಿದೆ. ಮೊದಲನೆಯದು ತಿಳಿಗೇಡಿತನದ ಸುಳ್ಳು. ಎರಡನೆಯದು ತಿಳಿದೂ ಹೇಳಿದ ಸುಳ್ಳು.

ಹತ್ತಿರದ ಪಟ್ಟಣದ ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ ಹೆರಿಗೆ ವಾರ್ಡಿನ ದಾದಿಯಾಗಿದ್ದ ನಾನು ನಿವೃತ್ತಿಯ ಮೇಲೆ ಶುಕ್ರವಾರಗಳಂದು ನಡಿಗೆಯ ತಂಡವೊಂದರ ಜೊತೆ ಹೋಗುವುದುಂಟು. ಮೊದಲ ಸಲ ಆ ಬಾಗಿಲಿನ ಬಳಿ ನಿಂತು ಕರಪತ್ರವನ್ನು ಗಟ್ಟಿಯಾಗಿ ಓದಿದಾಗ, ಪಕ್ಕದಲ್ಲಿದ್ದ ವಿನಿಫ್ರೆಡ್ ಹೋಲ್ಟ್ ಅದನ್ನು ನನ್ನ ಕೈಯಿಂದ ಕಿತ್ತುಕೊಂಡರು. ಎಂಬತ್ತನಾಲ್ಕು ವರ್ಷದ ಆ ಹಿರಿಯರು ಮೇಲಿನೂರಿನಲ್ಲೇ ಹುಟ್ಟಿ ಬೆಳೆದವರು, ಚರ್ಚಿನ ಹಳೆಯ ದಾಖಲೆಗಳನ್ನೆಲ್ಲ ಓದಿಕೊಂಡವರು. "ಇದನ್ನು ಬರೆದವನಿಗೆ ಹೆತ್ತ ತಾಯಿ ಇರಲಿಲ್ಲವೇ?" ಎಂದರು. ಆಮೇಲೆ ಕಂಬಕ್ಕೆ ಒರಗಿ ನಿಂತು ಹೇಳಿದರು: ಆ ಕಾಲದ ಮಾತಿನಲ್ಲಿ ಕ್ವಿಕ್ ಎಂದರೆ ಬೇಗ ಎಂದಲ್ಲ, ಬದುಕಿರುವ ಎಂದರ್ಥ. ಹಳೆಯ ಪ್ರಾರ್ಥನೆಯಲ್ಲಿ ಬದುಕಿದ್ದವರು, ಸತ್ತವರು ಎನ್ನುವಲ್ಲಿ ಬರುವುದು ಇದೇ ಪದ. ನನಗೆ ಅದು ಹೊಸದಾಗಿರಲಿಲ್ಲ. ಗರ್ಭದಲ್ಲಿ ಕೂಸು ಮೊದಲ ಸಲ ಮಿಸುಕಿದ್ದಕ್ಕೆ ಹೆರಿಗೆ ವಾರ್ಡಿನಲ್ಲಿ ನಾವು ಹೇಳುತ್ತಿದ್ದ 'ಕ್ವಿಕನಿಂಗ್' ಎಂಬ ಮಾತೂ ಈ ಪದದಿಂದಲೇ ಹುಟ್ಟಿದ್ದು. ಆದರೆ ಒಂದು ಬಾಗಿಲಿಗೆ ಬದುಕಿದ್ದವರ ಬಾಗಿಲು ಎಂದು ಹೆಸರಿಡಬೇಕಾಗಿ ಬರುವುದು ಎಂಥ ಊರಿನಲ್ಲಿ? ಬೇರೆಲ್ಲ ಬಾಗಿಲುಗಳೂ ಬದುಕಿದ್ದವರವೇ ಅಲ್ಲವೇ? ಆ ದಿನ ವಿನಿಫ್ರೆಡ್ ಹೇಳಿದ್ದನ್ನು, ಮುಂದೆ ಅವರು ತೋರಿಸಿದ ಚರ್ಚಿನ ಹಳದಿ ಹಾಳೆಗಳಲ್ಲಿ ಓದಿದ್ದನ್ನು ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಹಿಂದೆ ಒಮ್ಮೆ, ಈಗ್ಗೆ ಮುನ್ನೂರು ವರ್ಷಗಳ ಕೆಳಗೆ ಎನ್ನುತ್ತಾರೆ, ಈ ಗೋಡೆ ಇರಲಿಲ್ಲ. ಮೇಲಿನೂರಿನವರು ಬೀಚ್ ಮರ ಕಡಿದು, ತಿರುಗುವ ಚರಕಿಗೆ ಕೊಟ್ಟು ಕಡೆದು ಕುರ್ಚಿಯ ಕಾಲುಗಳನ್ನು ಮಾಡುವ ಜನ. ಅವರಿಗೆ ಚರ್ಚು ಕೆಳಗಿನೂರಿನಲ್ಲಿ, ಗೋರಿಯ ನೆಲ ಕೆಳಗಿನೂರಿನಲ್ಲಿ, ಹಿಟ್ಟಿನ ಗಿರಣಿ ಕೆಳಗಿನೂರಿನಲ್ಲಿ. ಎರಡೂ ಊರಿಗೆ ಇದ್ದೊಬ್ಬಳು ಸೂಲಗಿತ್ತಿ ಡಾರ್ಕಸ್ ಪೆನ್ ಕೂಡ ಚರ್ಚಿನ ಹಿಂದಿನ ಮನೆಯಲ್ಲೇ ಇದ್ದಳು. ಕಾಡಿನ ದಾರಿಯಲ್ಲಿ ಅರ್ಧ ಗಂಟೆಯ ನಡಿಗೆ. ಯಾರ ಅಜ್ಜನ ಅಜ್ಜನ ಕಾಲದಿಂದ ನಡೆಯುತ್ತಿದ್ದರೋ ಯಾರಿಗೂ ಗೊತ್ತಿರಲಿಲ್ಲ. ಹೀಗಿರುವಾಗ ಸರ್ ಜಾರ್ವಿಸ್ ಥಾರ್ಲಿ ಎಂಬಾತ ಆ ಸೀಮೆಗೆ ಒಡೆಯನಾದ. ಅವನಿಗೆ ಬೇಟೆಯ ಹುಚ್ಚು. ಕಾಡಿನಲ್ಲಿ ಫೆಸೆಂಟ್ ಹಕ್ಕಿಗಳನ್ನು ಸಾಕಿ, ಚಳಿಗಾಲದಲ್ಲಿ ಪಟ್ಟಣದ ಗೆಳೆಯರನ್ನು ಕರೆಸಿ ಹೊಡೆಯುವುದು ಅವನ ಸಂಭ್ರಮ. ಜನ ಓಡಾಡಿದರೆ ಹಕ್ಕಿಗಳು ಬೆದರುತ್ತವೆ ಎಂದು ಎರಡು ಬೇಸಗೆಗಳಲ್ಲಿ ಈ ಗೋಡೆ ಕಟ್ಟಿಸಿ, ಕಂಬಗಳಿಗೆ ಓಕ್ ಮರದ ಎರಡು ಕದ ಕೂರಿಸಿ, ಬೀಗ ಜಡಿದು, ಗೋಡೆ ಹತ್ತಿದವರಿಗೆ ಗುಂಡು ಹೊಡೆಯುವಂತೆ ಹೇಳಿ ಜಾಬ್ ಲಿಡ್ಯಾರ್ಡ್ ಎಂಬವನ ಕೈಗೆ ಬಂದೂಕು ಕೊಟ್ಟು ಕಾವಲಿಗೆ ಇಟ್ಟ. ಮೇಲಿನೂರಿನವರು ಇನ್ನು ಗುಡ್ಡವನ್ನು ಬಳಸಿಕೊಂಡು ಆರು ಮೈಲಿ ಹೋಗಬೇಕು. ಹಕ್ಕಿಗೆ ಬೆದರಿಕೆಯಾಗಬಾರದು, ಮನುಷ್ಯನ ಕಾಲು ಸವೆದರೆ ಸವೆಯಲಿ!

ಒಂದು ವಿಷಯದಲ್ಲಿ ಮಾತ್ರ ಚರ್ಚಿನವರು ಒಡೆಯನ ಮಾತಿಗೆ ಒಪ್ಪಲಿಲ್ಲ. ಆ ದಿನಗಳಲ್ಲಿ ಬಡವರಿಗೆ ತಮ್ಮದೇ ಶವಪೆಟ್ಟಿಗೆ ಇರುತ್ತಿರಲಿಲ್ಲ. ಊರಿಗೆಲ್ಲ ಒಂದೇ ಪೆಟ್ಟಿಗೆ, ಅದು ಚರ್ಚಿನ ಗೋಪುರದ ಕೆಳಗೆ ಇರುತ್ತಿತ್ತು. ಯಾರಾದರೂ ತೀರಿಕೊಂಡರೆ ನಾಲ್ವರು ಅದನ್ನು ಖಾಲಿಯಾಗಿ ಹೊತ್ತುಕೊಂಡು ಹೋಗಿ, ಹೆಣವನ್ನು ಅದರಲ್ಲಿಟ್ಟು ತಂದು, ಬಟ್ಟೆಯಲ್ಲಿ ಸುತ್ತಿದ ದೇಹವನ್ನಷ್ಟೇ ಮಣ್ಣಿಗಿಳಿಸಿ, ಪೆಟ್ಟಿಗೆಯನ್ನು ಮತ್ತೆ ಗೋಪುರದ ಕೆಳಗೆ ಇಡುತ್ತಿದ್ದರು. ಸತ್ತವರನ್ನು ಆರು ಮೈಲಿ ಸುತ್ತಿಸುವುದು ಧರ್ಮವಲ್ಲ ಎಂದು ಪಾದ್ರಿ ಹಟ ಹಿಡಿದದ್ದರಿಂದ ಸರ್ ಜಾರ್ವಿಸ್ ಒಂದು ಅಪ್ಪಣೆ ಬರೆಸಿಕೊಟ್ಟ: ಊರಿನ ಶವಪೆಟ್ಟಿಗೆ ಹೋಗುವಾಗಲೂ ಬರುವಾಗಲೂ ಬಾಗಿಲು ತೆರೆಯತಕ್ಕದ್ದು, ಅದನ್ನು ಹೊರುವ ನಾಲ್ವರು ಗಂಡಸರ ಹೊರತು ಬೇರಾರೂ ಹಾಯತಕ್ಕದ್ದಲ್ಲ. ಪಾದ್ರಿ ಸಂತೋಷಪಟ್ಟ. ಬದುಕಿರುವವರ ಮಾತು ಅವನಿಗೆ ನೆನಪಾಗಲಿಲ್ಲ. ಜನ ಅಂದಿನಿಂದ ಆ ಜಾಗವನ್ನು ಸತ್ತವರ ಬಾಗಿಲು ಎಂದು ಕರೆಯತೊಡಗಿದರು.

ಗೋಡೆ ಎದ್ದ ವರ್ಷವೇ, ಎಲೆ ಉದುರುವ ಕಾಲದಲ್ಲಿ, ಮೇಲಿನೂರಿನ ಟೋಬಿಯಾಸ್ ಎಂಬ ಕುರ್ಚಿ ಕೆಲಸದವನ ಹೆಂಡತಿ ಎಲಿನರ್‌ಗೆ ನೋವು ಶುರುವಾಯಿತು. ಅದು ಅವಳ ಮೊದಲ ಹೆರಿಗೆ. ಕೂಸು ಅಡ್ಡ ತಿರುಗಿತ್ತು. ಟೋಬಿಯಾಸ್ ಕಾಡಿನ ದಾರಿಯಲ್ಲಿ ಓಡಿಬಂದು ಬಾಗಿಲು ಬಡಿದ. ಜಾಬ್ ಕಿಂಡಿಯಿಂದ ನೋಡಿ, ಪೆಟ್ಟಿಗೆಗೆ ಹೊರತು ತೆರೆಯುವ ಅಪ್ಪಣೆ ತನಗಿಲ್ಲ ಎಂದ. ಟೋಬಿಯಾಸ್ ಮಂಡಿಯೂರಿ ಬೇಡಿದ. ಸೂಲಗಿತ್ತಿಗೆ ಸುದ್ದಿಯನ್ನಾದರೂ ಮುಟ್ಟಿಸು ಎಂದ. ಕಾವಲು ಬಿಟ್ಟು ಹೋಗುವ ಅಪ್ಪಣೆಯೂ ಜಾಬ್‌ಗೆ ಇರಲಿಲ್ಲ. ಟೋಬಿಯಾಸ್ ಗುಡ್ಡ ಸುತ್ತಿಕೊಂಡು ಓಡಿದ. ಡಾರ್ಕಸ್‌ಗೆ ಆಗ ಅರವತ್ತು ದಾಟಿತ್ತು, ಸೊಂಟದಲ್ಲಿ ನೋವಿತ್ತು. ಆರು ಮೈಲಿಯನ್ನು ಅವಳು ಹೇಗೆ ನಡೆದಳೋ, ಎಲ್ಲೆಲ್ಲಿ ಅವನು ಹೊತ್ತುಕೊಂಡನೋ, ಅಂತೂ ಮೇಲಿನೂರು ಮುಟ್ಟಿದಾಗ ಎಲಿನರ್ ಸತ್ತು ಅರ್ಧ ಗಂಟೆಯಾಗಿತ್ತು. ಕೂಸೂ ಹೊಟ್ಟೆಯಲ್ಲೇ ಹೋಗಿತ್ತು. ಅರ್ಧ ಗಂಟೆ! ನಾನು ದಾದಿಯಾಗಿದ್ದವಳು, ಅಡ್ಡ ತಿರುಗಿದ ಕೂಸನ್ನು ನುರಿತ ಕೈ ಹೇಗೆ ತಿರುಗಿಸುತ್ತದೆ ಎಂಬುದನ್ನು ಬಲ್ಲೆ. ಅರ್ಧ ಗಂಟೆಗೆ ಎಷ್ಟು ಬೆಲೆಯೆಂಬುದನ್ನೂ ಬಲ್ಲೆ.

ಮರುದಿನ ಪೆಟ್ಟಿಗೆ ಖಾಲಿಯಾಗಿ ಮೇಲೆ ಹೋಗಿ, ತುಂಬಿ ಕೆಳಗೆ ಬಂತು. ಆರು ಮೈಲಿ ಸುತ್ತಿ ಮರಳಿ ಬಂದು ಬಾಗಿಲಿನ ಕೆಳಗಿನೂರಿನ ಕಡೆ ಕಾದು ನಿಂತಿದ್ದ ಡಾರ್ಕಸ್ ಎಲ್ಲವನ್ನೂ ನೋಡಿದಳು. ಜಾಬ್ ಲಿಡ್ಯಾರ್ಡ್ ಎರಡೂ ಕದಗಳನ್ನು ಹಿಂದಕ್ಕೆ ತಳ್ಳಿ, ಟೊಪ್ಪಿಗೆ ತೆಗೆದು ಎದೆಗೆ ಹಿಡಿದು, ತಲೆ ಬಗ್ಗಿಸಿ ನಿಂತ. ಡಾರ್ಕಸ್ ಅಳಲಿಲ್ಲ ಎನ್ನುತ್ತಾರೆ.

ವರ್ಷ ಕಳೆಯಿತು. ಮತ್ತೆ ಎಲೆ ಕೆಂಪಾದ ಹೊತ್ತಿಗೆ ಟೋಬಿಯಾಸನ ತಂಗಿ ಪೇಷೆನ್ಸ್‌ಗೆ ದಿನ ತುಂಬಿತು. ಬೆಳಗಿನ ಮೊದಲ ನೋವಿಗೇ ಟೋಬಿಯಾಸ್ ಗುಡ್ಡ ಸುತ್ತಿ ಓಡಿಬಂದು ಡಾರ್ಕಸಳ ಮನೆಯ ಹೊಸ್ತಿಲಲ್ಲಿ ಕುಸಿದು ಕುಳಿತ. ಡಾರ್ಕಸ್ ಕತ್ತರಿ, ನೂಲು, ಬಟ್ಟೆಗಳ ಚೀಲವನ್ನು ಎತ್ತಿಕೊಂಡು ಹೊರಟಳು. ಆದರೆ ಗುಡ್ಡದ ದಾರಿಗಲ್ಲ, ಚರ್ಚಿನ ಗೋಪುರಕ್ಕೆ. ಅಲ್ಲಿ ಗೋರಿ ತೋಡುವ ಅಮೋಸ್ ಪೆಟಿಫರ್ ಸಲಿಕೆ ತೊಳೆಯುತ್ತಿದ್ದ.

"ಅಮೋಸ್, ಪೆಟ್ಟಿಗೆ ಹೊರಗೆ ತೆಗೆ. ನನ್ನನ್ನು ಅದರಲ್ಲಿ ಮಲಗಿಸಿ ಮೇಲಕ್ಕೆ ಒಯ್ಯು."

"ಡಾರ್ಕಸ್ ತಾಯಿ, ಬದುಕಿದ್ದವರು ಅದರಲ್ಲಿ ಮಲಗಬಾರದು. ಪಾಪ ಬರುತ್ತದೆ. ನನ್ನ ಕೆಲಸವೂ ಹೋಗುತ್ತದೆ."

"ಹೋದ ವರ್ಷ ಎಲಿನರ್‌ಗೆ ಗುಂಡಿ ತೋಡಿದವನು ನೀನು. ಎಷ್ಟು ಅಗಲ ತೋಡಿದೆ?"

ಸತ್ತ ಮೇಲೆ ಹೊರತೆಗೆದ ಕೂಸನ್ನೂ ತಾಯಿಯ ಮಗ್ಗುಲಲ್ಲೇ ಇಡಬೇಕಾಗಿದ್ದರಿಂದ ಅಮೋಸ್ ಒಂದು ಗೇಣು ಹೆಚ್ಚು ಅಗಲ ತೋಡಿದ್ದ. ಸಲಿಕೆಯನ್ನು ಗೋಡೆಗೆ ಒರಗಿಸಿ, ಗಿರಣಿಯ ಇಬ್ಬರು ಆಳುಗಳನ್ನು ಕರೆತಂದ. ಅವರಿಬ್ಬರು, ಅಮೋಸ್, ಟೋಬಿಯಾಸ್, ಹೀಗೆ ನಾಲ್ವರಾದರು. ಡಾರ್ಕಸ್ ಚೀಲವನ್ನು ಎದೆಯ ಮೇಲಿಟ್ಟುಕೊಂಡು, ಎಲಿನರ್ ಮಲಗಿದ್ದ ಅದೇ ಹಲಗೆಗಳ ನಡುವೆ ಅಂಗಾತ ಮಲಗಿದಳು. ಮುಚ್ಚಳ ಮುಚ್ಚಿತು. ಒಳಗೆ ಮೇಣದ, ಹಳೆಯ ಬಟ್ಟೆಯ, ಒದ್ದೆ ಮಣ್ಣಿನ ವಾಸನೆ ಇತ್ತೆಂದೂ, ದಾರಿಯುದ್ದಕ್ಕೂ ತಾನು ಹೆರಿಗೆ ಮಾಡಿಸಿದ ಮಕ್ಕಳ ಹೆಸರುಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತಿದ್ದೆನೆಂದೂ ಅವಳು ಮುಂದೆ ಹೇಳಿದ್ದಳಂತೆ.

ಬಾಗಿಲಿನ ಬಳಿ ಜಾಬ್ ಕದ ತೆರೆದ. ಆದರೆ ಹೊತ್ತವರ ಕುತ್ತಿಗೆಯ ನರಗಳು ಉಬ್ಬಿದ್ದನ್ನು, ಎಲೆಯ ಮೇಲೆ ಅವರ ಕಾಲು ಹೂತುಹೋಗುತ್ತಿದ್ದುದನ್ನು ಕಂಡ. "ಖಾಲಿ ಪೆಟ್ಟಿಗೆ ಇಷ್ಟು ಭಾರವೇ?" ಎಂದು ಕೇಳಿದ. ಅಮೋಸ್‌ಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಜಾಬ್ ಪೆಟ್ಟಿಗೆ ಇಳಿಸಲು ಹೇಳಿ ಮುಚ್ಚಳ ತೆಗೆದ. ಡಾರ್ಕಸ್ ಎದ್ದು ಕುಳಿತಳು. ಕಾವಲಿನವನು ಹೆದರಿ ಎರಡು ಹೆಜ್ಜೆ ಹಿಂದೆ ಸರಿದು, ಶಿಲುಬೆಯ ಗುರುತು ಮಾಡಿಕೊಂಡ.

"ಹೆದರಬೇಡ, ಜಾಬ್. ನಾನಿನ್ನೂ ಸತ್ತಿಲ್ಲ. ಮೇಲೆ ಪೇಷೆನ್ಸ್ ಕೂಡ ಇನ್ನೂ ಸತ್ತಿಲ್ಲ."

"ತಾಯಿ, ನನಗೆ ಅಪ್ಪಣೆ ಇರುವುದು ಪೆಟ್ಟಿಗೆಗೆ ಮಾತ್ರ."

"ಇದು ಪೆಟ್ಟಿಗೆಯೇ. ಹೊತ್ತವರು ನಾಲ್ವರೇ. ಒಳಗಿರುವುದಕ್ಕೆ ಉಸಿರಿರಬಾರದು ಎಂದು ನಿನ್ನ ಒಡೆಯ ಎಲ್ಲಿ ಬರೆದಿದ್ದಾನೆ, ತೋರಿಸು." ಅವಳು ದನಿ ಏರಿಸಿದಳು. "ಎಲಿನರ್ ಹೆಣವಾಗಿ ಬಂದಾಗ ಎರಡೂ ಕದ ತೆರೆದು ಟೊಪ್ಪಿಗೆ ತೆಗೆದೆ. ಅವಳು ಬದುಕಿದ್ದಾಗ ಒಂದೇ ಒಂದು ಕದ ತೆರೆದಿದ್ದರೆ ನಿನಗೆ ಟೊಪ್ಪಿಗೆ ತೆಗೆಯುವ ಕೆಲಸವೇ ಇರುತ್ತಿರಲಿಲ್ಲ. ಇವತ್ತೂ ತೆಗೆಯಬೇಕೆಂದಿದ್ದೀಯಾ? ನಾನು ಇಲ್ಲೇ ಕೂತಿರುತ್ತೇನೆ. ಸಂಜೆಯೊಳಗೆ ಈ ಪೆಟ್ಟಿಗೆ ಪೇಷೆನ್ಸ್‌ಗೆ ಬೇಕಾಗುತ್ತದೆ."

ಜಾಬ್ ಲಿಡ್ಯಾರ್ಡ್ ಬಹಳ ಹೊತ್ತು ನಿಂತಿದ್ದ ಎಂದು ಕೆಲವರು, ಒಂದು ಕ್ಷಣವೂ ನಿಲ್ಲಲಿಲ್ಲ ಎಂದು ಕೆಲವರು ಹೇಳುತ್ತಾರೆ. "ಮಲಗಿಕೋ ತಾಯಿ" ಎಂದು ಅವನು ಮುಚ್ಚಳವನ್ನು ತನ್ನ ಕೈಯಾರೆ ಮುಚ್ಚಿದ ಎಂಬುದರಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು. ಕೂಸು ಈ ಸಲ ಕಾಲು ಮುಂದಾಗಿ ಬರುತ್ತಿತ್ತು. ಡಾರ್ಕಸಳ ಕೈ ಸಮಯಕ್ಕೆ ಸರಿಯಾಗಿ ತಲುಪಿತ್ತು. ಮಧ್ಯಾಹ್ನದ ಬಿಸಿಲು ಇಳಿಯುವ ಮೊದಲು ಹೆಣ್ಣುಮಗು ಹುಟ್ಟಿತು, ತಾಯಿಯೂ ಉಳಿದಳು. ನಾಲ್ವರು ಪೆಟ್ಟಿಗೆಯನ್ನು ಖಾಲಿಯಾಗಿಯೇ ಹೊತ್ತು ತಂದರು. ಈಗ ನಿಜವಾಗಿ ಹಗುರವಾಗಿದ್ದ ಅದನ್ನು ನೋಡಿ ಜಾಬ್, ಏನೂ ಗೊತ್ತಿಲ್ಲದವನಂತೆ, "ಸತ್ತವರು ಎಲ್ಲಿ?" ಎಂದ. "ಸಾಯಲಿಲ್ಲ" ಎಂದ ಅಮೋಸ್.

ಇಷ್ಟಕ್ಕೇ ಮುಗಿದಿದ್ದರೆ ಒಳ್ಳೆಯದಿತ್ತು. ಸುದ್ದಿ ಸರ್ ಜಾರ್ವಿಸ್‌ನ ಕಿವಿಗೆ ಬಿತ್ತು. ಒಂದು ಜೀವ ಉಳಿಯಿತಲ್ಲ ಎಂದು ಅವನಿಗೆ ಅನ್ನಿಸಲಿಲ್ಲ, ಮುದುಕಿಯೊಬ್ಬಳು ತನ್ನನ್ನು ಮೂರ್ಖನನ್ನಾಗಿ ಮಾಡಿದಳು ಎನ್ನಿಸಿತು. ಜಾಬ್‌ನನ್ನು ಅಂದೇ ಕೆಲಸದಿಂದ ತೆಗೆದ. ಅಮೋಸ್‌ನ ಸಲಿಕೆ ಬೇರೊಬ್ಬನ ಕೈಗೆ ಹೋಯಿತು. ಡಾರ್ಕಸಳನ್ನು ಚರ್ಚಿನ ನ್ಯಾಯಸ್ಥಾನಕ್ಕೆ ಎಳೆದರು. ಸತ್ತವರ ಪವಿತ್ರ ಪೆಟ್ಟಿಗೆಯನ್ನು ಬದುಕಿದ್ದವಳು ಮಲಿನ ಮಾಡಿದಳು ಎಂಬುದು ಆರೋಪ. ಸತ್ತವರ ಮೇಲೆ ಅಷ್ಟು ಮಮತೆ ಅವರಿಗೆ! ಮೂರು ಭಾನುವಾರ ಅವಳು ಬರಿಗಾಲಿನಲ್ಲಿ, ಬಿಳಿಯ ಹೊದಿಕೆ ಸುತ್ತಿಕೊಂಡು, ಪ್ರಾರ್ಥನೆಗೆ ಬಂದವರೆಲ್ಲರ ಎದುರು ನಿಂತು ತಪ್ಪೊಪ್ಪಿಕೊಂಡು ಕ್ಷಮೆ ಕೇಳಬೇಕೆಂದು ತೀರ್ಪಾಯಿತು. ಕೆಟ್ಟ ನಡತೆಯವರಿಗೆ ಕೊಡುತ್ತಿದ್ದ ಶಿಕ್ಷೆ ಅದು. ಆ ಚರ್ಚಿನಲ್ಲಿ ಕುಳಿತಿದ್ದವರಲ್ಲಿ ನಲವತ್ತು ದಾಟದ ಪ್ರತಿಯೊಬ್ಬರೂ ಅವಳ ಕೈಗೇ ಹುಟ್ಟಿದವರು. ನವೆಂಬರಿನ ತಣ್ಣನೆಯ ಕಲ್ಲಿನ ಮೇಲೆ ಅವಳ ಪಾದಗಳು ನೀಲಿಗಟ್ಟುತ್ತಿದ್ದವು, ಅವರೆಲ್ಲ ಪ್ರಾರ್ಥನೆಯ ಪುಸ್ತಕ ನೋಡುತ್ತಿದ್ದರು. ಮೊದಲ ವಾರ ನೋಡಿದರು. ಎರಡನೆಯ ವಾರವೂ ನೋಡಿದರು. ಸರ್ ಜಾರ್ವಿಸ್‌ಗಿಂತ ಇವರ ಮೇಲೇ ತನಗೆ ಸಿಟ್ಟು ಹೆಚ್ಚು ಎಂದರು ವಿನಿಫ್ರೆಡ್.

ಮೂರನೆಯ ಭಾನುವಾರ ಬೆಳಿಗ್ಗೆ ಮೇಲಿನೂರಿನ ಹತ್ತೊಂಬತ್ತು ಹೆಂಗಸರು ಮನೆಯಲ್ಲಿದ್ದ ಬಿಳಿಯ ಹೊದಿಕೆಗಳನ್ನು ತೆಗೆದು, ತಲೆಯಿಂದ ಕಾಲಿನವರೆಗೆ ಹೆಣಕ್ಕೆ ಸುತ್ತುವಂತೆ ಸುತ್ತಿಕೊಂಡು ಕಾಡಿಗಿಳಿದರು. ಮುಂದೆ ಪೇಷೆನ್ಸ್, ತೋಳಿನಲ್ಲಿ ಐದು ವಾರದ ಮಗು. ಬೋಳಾದ ಮರಗಳ ನಡುವೆ ಈ ಬಿಳಿಯ ಸಾಲು ಬರುವುದನ್ನು ಕಂಡು ಹೊಸ ಕಾವಲಿನವನು ಕಿಂಡಿಯಿಂದ ಹಿಂದೆ ಸರಿದ.

"ಬಾಗಿಲು ತೆಗೆ. ಸತ್ತವರು ಬಂದಿದ್ದೇವೆ" ಎಂದಳು ಪೇಷೆನ್ಸ್.

"ಹೆಣಗಳು ನಡೆದುಕೊಂಡು ಬರುತ್ತವೆಯೇ?" ಎಂದು ಅವನು ಹೇಗೋ ದನಿ ತೆಗೆದ.

"ನಿನ್ನ ಒಡೆಯನ ಕಾಡಿನಲ್ಲಿ ನಡೆಯುವ ಹಕ್ಕಿರುವುದು ಹೆಣಗಳಿಗೆ ಮಾತ್ರ. ಅದಕ್ಕೇ ಹೀಗೆ ಬಂದೆವು."

ಅವನು ಬೀಗದ ಕೈಯನ್ನು ಅಲ್ಲೇ ಬಿಟ್ಟು ಓಡಿಹೋದ ಎನ್ನುತ್ತಾರೆ. ಹೆಂಗಸರು ಗೋಡೆ ಹತ್ತಿಳಿದು ಬೀಗ ತೆಗೆದರು. ಆದರೆ ಕದಗಳನ್ನು ತೆರೆದು ಸುಮ್ಮನಾಗಲಿಲ್ಲ. ಹುಟ್ಟಿದಂದಿನಿಂದ ಮರದ ದಿಮ್ಮಿ ಎತ್ತಿ ಅಭ್ಯಾಸವಿದ್ದ ಕೈಗಳು ಅವು. ಎರಡೂ ಕದಗಳನ್ನು ತಿರುಗಣೆಯಿಂದ ಎತ್ತಿ, ಹೆಣ ಹೊರುವಂತೆ ಹೆಗಲ ಮೇಲಿಟ್ಟುಕೊಂಡು ಕೆಳಗಿನೂರಿಗೆ ನಡೆದರು. ಚರ್ಚಿನಲ್ಲಿ ಉಪದೇಶ ನಡೆಯುತ್ತಿತ್ತು. ಅವರು ಸಾಲಾಗಿ ಒಳಗೆ ಬಂದು, ಸರ್ ಜಾರ್ವಿಸ್ ಕುಳಿತಿದ್ದ ಆಸನದ ಮುಂದೆ ಕದಗಳನ್ನು ನೆಲದ ಮೇಲೆ ಇಳಿಸಿ, ಡಾರ್ಕಸಳ ಎರಡೂ ಪಕ್ಕದಲ್ಲಿ ನಿಂತರು. ಒಂದೇ ಹೊದಿಕೆಯ ಇಪ್ಪತ್ತು ಹೆಂಗಸರಲ್ಲಿ ಶಿಕ್ಷೆಗೆ ಗುರಿಯಾದವಳು ಯಾರೆಂದು ಗುರುತು ಹಿಡಿಯುವುದೇ ಕಷ್ಟವಾಯಿತು. ಪೇಷೆನ್ಸ್ ಮಗುವನ್ನು ಡಾರ್ಕಸಳ ತೋಳಿಗೆ ಕೊಟ್ಟಳು. ಪಾದ್ರಿ ತೊದಲುತ್ತ, ತಪ್ಪೊಪ್ಪಿಗೆಯ ಮಾತು ಹೇಳುವಂತೆ ಅವಳಿಗೆ ಸೂಚಿಸಿದ. ಡಾರ್ಕಸ್ ಮಗುವಿನ ಮುಖ ನೋಡಿ, ಆಮೇಲೆ ಎದುರು ಸಾಲಿನ ಮೂಲೆಯಲ್ಲಿ ಒಬ್ಬನೇ ಕುಳಿತಿದ್ದ ಟೋಬಿಯಾಸನ ಕಡೆ ತಿರುಗಿದಳು. "ನನ್ನದೊಂದು ತಪ್ಪಿದೆ" ಎಂದಳು. "ಆ ಪೆಟ್ಟಿಗೆಯೊಳಗೆ ಒಂದು ವರ್ಷ ಮೊದಲೇ ಮಲಗಬೇಕಾಗಿತ್ತು. ಅದಕ್ಕೆ ನನ್ನನ್ನು ಕ್ಷಮಿಸು, ಟೋಬಿಯಾಸ್."

ಆಗ ಗಿರಣಿಯ ಆಳುಗಳು ಎದ್ದು ನಿಂತರು. ಆಮೇಲೆ ಅವರ ಹಿಂದಿನ ಸಾಲು ಎದ್ದಿತು. ಕೊನೆಗೆ ಚರ್ಚಿನಲ್ಲಿ ಕುಳಿತೇ ಇದ್ದವನು ಸರ್ ಜಾರ್ವಿಸ್ ಒಬ್ಬನೇ. ಆತ ಹೊಸ ಕದ ಮಾಡಿಸಲು ಹೊರಟಾಗ ಎರಡೂ ಊರಿನ ಒಬ್ಬ ಬಡಗಿಯೂ ಉಳಿ ಮುಟ್ಟಲಿಲ್ಲ. ಪಟ್ಟಣದಿಂದ ತರಿಸಿದ ಕದಗಳು ಎರಡು ಸಲವೂ ಜೌಗಿನಲ್ಲಿ ಮುಳುಗಿದವು. ಮೂರನೆಯ ಸಲ ಅವನು ತರಿಸಲಿಲ್ಲ. ಅಷ್ಟರಲ್ಲಿ ಜನರ ಬಾಯಲ್ಲಿ ಸತ್ತವರ ಬಾಗಿಲಿಗೆ ಬದುಕಿದ್ದವರ ಬಾಗಿಲು, ಕ್ವಿಕ್ ಗೇಟ್, ಎಂದು ಹೆಸರು ನಿಂತಿತ್ತು. ಅವನ ಮೊಮ್ಮಗ ಎಂದೋ ಒಂದು ದಿನ ಹಿತ್ತಾಳೆಯ ಫಲಕ ಜಡಿಸಿ ಸೋಲನ್ನು ದಾನವೆಂದು ಬರೆಸಿಕೊಂಡ. ಡಾರ್ಕಸ್ ಪೆನ್ ಇನ್ನೂ ಒಂಬತ್ತು ವರ್ಷ ಬದುಕಿದ್ದು, ತೀರಾ ಕೈಲಾಗದಾಗುವವರೆಗೆ ಕಾಡಿನ ದಾರಿಯಲ್ಲಿ ಹೋಗಿಬರುತ್ತಿದ್ದಳಂತೆ. ಅವಳ ಗೋರಿಗೆ ಕಲ್ಲಿಲ್ಲ. ಎಲ್ಲಿದೆಯೆಂದು ಯಾರಿಗೂ ತಿಳಿಯದು. ಥಾರ್ಲಿಗಳಿಗೆ ಅಮೃತಶಿಲೆಯ ಗೋರಿಗಳಿವೆ.

ಈಗಲೂ ಶರತ್ಕಾಲದಲ್ಲಿ ಅಲ್ಲಿ ನಡೆಯಲು ಹೋದವರು ಎಲ್ಲರೂ ನೋಡಬಹುದಾದ ಒಂದು ಸಂಗತಿಯಿದೆ. ಮೇಲಿನೂರಿನಲ್ಲಿ ಸಾವಾದಾಗ ಶವದ ಕಾರು ಕಾಡಿನ ದಾರಿಗೆ ಇಳಿಯುವುದಿಲ್ಲ. ದಾರಿ ಅಗಲವಾಗಿದೆ, ಗಟ್ಟಿಯಾಗಿದೆ, ಯಾರ ತಡೆಯೂ ಇಲ್ಲ, ಆದರೂ ಇಳಿಯುವುದಿಲ್ಲ. ಹೋದ ಅಕ್ಟೋಬರಿನಲ್ಲಿ ನಾವು ಕಂಬಗಳ ಬಳಿ ನಿಂತಿದ್ದಾಗ, ಎಲೆ ಉದುರಿ ತೆರವಾದ ಕೊಂಬೆಗಳ ನಡುವಿನಿಂದ ಆ ಕಪ್ಪು ಕಾರು ದೂರದ ಗುಡ್ಡವನ್ನು ಬಳಸುತ್ತ ನಿಧಾನವಾಗಿ ಹೋಗುವುದು ಕಾಣಿಸಿತು. ಹಿಂದೆ ನಾಲ್ಕೈದು ಕಾರುಗಳು. ಹೀಗೇಕೆ ಎಂದು ಒಬ್ಬರು ಕೇಳಿದರು. ಅದೇ ಹೊತ್ತಿಗೆ ಕೆಳಗಿನೂರಿನ ಕಡೆಯಿಂದ ತುಂಬು ಬಸುರಿಯೊಬ್ಬಳು ಏದುಸಿರು ಬಿಡುತ್ತ ಹತ್ತಿಬರುತ್ತಿದ್ದಳು. ವಿನಿಫ್ರೆಡ್ ಕಂಬದಿಂದ ಸರಿದು ಅವಳಿಗೆ ದಾರಿ ಬಿಟ್ಟರು.

"ಸತ್ತವರಿಗೆ ಅವಸರವೇನಿದೆ?" ಎಂದರು. "ಅವರು ಸುತ್ತಿಕೊಂಡು ಹೋಗಲಿ."